ರೇಸ್ ಕಾರಿನ ಚೈನು ಬಿಗಿಯುವ ಬಗೆ: ವಿದ್ಯಾರ್ಥಿ ತಂಡಗಳ ಮುಂದಿರುವ ಆಯ್ಕೆಗಳು

ಒಂದು ವರ್ಷದ ದುಡಿಮೆ, ಲಕ್ಷಾಂತರ ರೂಪಾಯಿ ವೆಚ್ಚ, ಹತ್ತಾರು ವಿದ್ಯಾರ್ಥಿಗಳ ನಿದ್ದೆಗೆಟ್ಟ ರಾತ್ರಿಗಳು. ಇವೆಲ್ಲವೂ ಚೈನು ಹಲ್ಲು ತಪ್ಪಿದ ಒಂದೇ ಕ್ಷಣದಲ್ಲಿ ವ್ಯರ್ಥವಾಗಬಹುದು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ವಿನ್ಯಾಸಗೊಳಿಸಿ ನಿರ್ಮಿಸುವ ರೇಸ್ ಕಾರುಗಳಲ್ಲಿ ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ತಲುಪಿಸುವುದು ಬಹುಪಾಲು ಬೈಕಿನ ಚೈನೇ. ಆ ಚೈನನ್ನು ಸರಿಯಾದ ಬಿಗಿತದಲ್ಲಿ ಇರಿಸುವ ಸಾಧನವೇ ಚೈನ್ ಟೆನ್ಷನರ್. ಕಾರಿನ ಒಟ್ಟು ತೂಕದಲ್ಲಿ ಇದರ ಪಾಲು ಅತ್ಯಲ್ಪ. ಆದರೆ ಇದರ ಆಯ್ಕೆಯಲ್ಲಿ ಎಡವಿದರೆ ಉಳಿದೆಲ್ಲ ಜಾಣ್ಮೆಯೂ ನಿಷ್ಪ್ರಯೋಜಕ.

ಟೆನ್ಷನರ್‌ಗಳಲ್ಲಿ ಎಷ್ಟು ವಿಧ? ಯಾವುದರ ಗುಣವೇನು, ದೋಷವೇನು? ಯಾವ ತಂಡಕ್ಕೆ ಯಾವುದು ಸೂಕ್ತ? ಈ ಪ್ರಶ್ನೆಗಳಿಗೆ ಉತ್ತರಿಸುವ ಪ್ರಯತ್ನ ಇಲ್ಲಿದೆ.

ಸ್ಪರ್ಧೆಯ ಹಿನ್ನೆಲೆ

ವಿದ್ಯಾರ್ಥಿಗಳೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಎಸ್‌ಎಇ ಸ್ಪರ್ಧೆ 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 1998ರಲ್ಲಿ ಬ್ರಿಟನ್ನಿನಲ್ಲಿ ಫಾರ್ಮುಲಾ ಸ್ಟೂಡೆಂಟ್ ಎಂಬ ಹೆಸರಿನಲ್ಲಿಯೂ, 2006ರಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿಯೂ ಇದೇ ಮಾದರಿಯ ಸ್ಪರ್ಧೆಗಳು ಶುರುವಾದವು. ಭಾರತದಲ್ಲಿ ಎಸ್‌ಎಇ ಇಂಡಿಯಾ ಸಂಸ್ಥೆಯ ಸುಪ್ರಾ ಸ್ಪರ್ಧೆ 2011ರಲ್ಲಿ ಪ್ರಾರಂಭಗೊಂಡಿತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಫಾರ್ಮುಲಾ ಭಾರತ್ ಇನ್ನೊಂದು ಪ್ರಮುಖ ಸ್ಪರ್ಧೆ.

ಕರ್ನಾಟಕಕ್ಕೂ ಈ ಕ್ಷೇತ್ರಕ್ಕೂ ಹಳೆಯ ನಂಟಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ರೂಪುಗೊಂಡಿತು. ದೇಶದಲ್ಲಿ ಇಂತಹ ಸ್ಪರ್ಧೆಗಳು ಇನ್ನೂ ಹುಟ್ಟಿರದ ಕಾಲವದು ಎಂಬುದು ಗಮನಾರ್ಹ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಲೇತು ಮತ್ತು ಮಿಲ್ಲಿಂಗ್ ಕೆಲಸಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ ಹೀಗೆ ರಾಜಧಾನಿಯ ವಿದ್ಯಾರ್ಥಿಗಳಿಗೆ ಅನುಕೂಲಗಳೂ ಹತ್ತಿರದಲ್ಲಿವೆ.

ಅಮೆರಿಕದ ನಿಯಮಾವಳಿಯಂತೆ ಸ್ಪರ್ಧೆಯ ಒಟ್ಟು ಅಂಕ 1000. ಇದರಲ್ಲಿ ವಿನ್ಯಾಸಕ್ಕೆ 150, 75 ಮೀಟರ್ ನೇರ ಓಟದ ವೇಗೋತ್ಕರ್ಷಕ್ಕೆ 100, ಆಟೋಕ್ರಾಸ್‌ಗೆ 125 ಅಂಕಗಳಿವೆ. ಎಲ್ಲಕ್ಕಿಂತ ದೊಡ್ಡ ಪಾಲು ಸುಮಾರು 22 ಕಿ.ಮೀ. ದೂರದ ಎಂಡ್ಯೂರನ್ಸ್ ಓಟದ್ದು. ಅದಕ್ಕೆ 275 ಅಂಕ. ಇಂಧನ ಅಥವಾ ವಿದ್ಯುತ್ ಮಿತವ್ಯಯದ 100 ಅಂಕಗಳನ್ನು ಲೆಕ್ಕ ಹಾಕುವುದೂ ಇದೇ ಓಟದ ಆಧಾರದ ಮೇಲೆ. ಅಂದರೆ 21ನೇ ಕಿಲೋಮೀಟರಿನಲ್ಲಿ ಚೈನು ಕಳಚಿದರೆ ಒಟ್ಟು ಅಂಕಗಳ ಮೂರನೇ ಒಂದಕ್ಕಿಂತ ಹೆಚ್ಚಿನ ಭಾಗ ಅಪಾಯಕ್ಕೆ ಸಿಲುಕುತ್ತದೆ. ಬೈಕಿನ ಚೈನು ಕಳಚಿದರೆ ರಸ್ತೆ ಬದಿಯಲ್ಲಿ ನಿಲ್ಲಿಸಿ ಏರಿಸಿಕೊಳ್ಳಬಹುದು. ಸ್ಪರ್ಧಾಕಣದಲ್ಲಿ ಆ ಸೌಲಭ್ಯವಿಲ್ಲ.

ಚೈನೇ ಏಕೆ?

ರೋಲರ್ ಚೈನಿನ ಇಂದಿನ ರೂಪಕ್ಕೆ ಕಾರಣನಾದವನು ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಉದ್ಯಮ ನಡೆಸಿದ ಹ್ಯಾನ್ಸ್ ರೆನಾಲ್ಡ್. 1880ರಲ್ಲಿ ಆತ ಇದಕ್ಕೆ ಪೇಟೆಂಟ್ ಪಡೆದ. ಆರಂಭದ ಕಾಲದ ಅನೇಕ ಕಾರುಗಳು ಚೈನಿನಿಂದಲೇ ಓಡುತ್ತಿದ್ದವು. ಹೋಂಡಾ ಸಂಸ್ಥೆ 1963ರಲ್ಲಿ ಹೊರತಂದ ಎಸ್500 ಕಾರಿನ ಹಿಂಬದಿ ಚಕ್ರಗಳಿಗೂ ಚೈನಿನ ಮೂಲಕವೇ ಶಕ್ತಿ ಸಾಗುತ್ತಿತ್ತು.

ವಿದ್ಯಾರ್ಥಿಗಳ ಕಾರಿನಲ್ಲಿ ಚೈನು ಉಳಿದುಕೊಂಡಿರುವುದಕ್ಕೆ ಕಾರಣ ಸರಳ. ನಿಯಮದ ಪ್ರಕಾರ ಎಂಜಿನ್ ಸಾಮರ್ಥ್ಯ 710 ಸಿಸಿ ಮೀರುವಂತಿಲ್ಲ. ಪೆಟ್ರೋಲ್ ಎಂಜಿನ್ ಉಸಿರಾಡುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ರಂಧ್ರದ ಮೂಲಕವೇ ಸಾಗಬೇಕು. ಈ ಮಿತಿಯೊಳಗೆ ಬೈಕಿನ ಎಂಜಿನ್ನೇ ಸುಲಭದ ಆಯ್ಕೆ. 373 ಸಿಸಿಯ ಕೆಟಿಎಂ 390, 599 ಸಿಸಿಯ ಹೋಂಡಾ ಸಿಬಿಆರ್600ಆರ್‌ಆರ್ ಮುಂತಾದವು ಈ ವಲಯದಲ್ಲಿ ಚಿರಪರಿಚಿತ. ಎಂಜಿನ್ನಿನೊಂದಿಗೆ ಗೇರ್‌ಬಾಕ್ಸ್ ಹಾಗೂ ಚೈನಿನ ಚಿಕ್ಕ ಸ್ಪ್ರಾಕೆಟ್ ಕೂಡ ಬಂದೇ ಬರುತ್ತವೆ. ಹಿಂದೆ ಡಿಫರೆನ್ಷಿಯಲ್‌ಗೆ ದೊಡ್ಡ ಸ್ಪ್ರಾಕೆಟ್ ಜೋಡಿಸಿದರೆ ಕೆಲಸ ಮುಗಿಯಿತು. ಸ್ಪ್ರಾಕೆಟ್ ಬದಲಿಸಿದರೆ ಗೇರ್ ಅನುಪಾತವೂ ಬದಲಾಗುತ್ತದೆ.

ಚೈನಿನ ಅಳತೆ ಓದುವುದು ಹೀಗೆ. 520 ಎಂಬ ಸಂಖ್ಯೆಯಲ್ಲಿ ಮೊದಲ 5 ಎಂದರೆ ಪಿಚ್, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಐದು ಭಾಗ. ಅದು 15.875 ಮಿ.ಮೀ. ಉಳಿದ 20 ಎಂದರೆ ಒಳ ಅಗಲ ಇಂಚಿನ ಎಂಟನೇ ಎರಡು ಭಾಗ. ಅದು 6.35 ಮಿ.ಮೀ. 525 ಮತ್ತು 530 ಚೈನುಗಳ ಪಿಚ್ ಇದೇ ಆಗಿದ್ದು ಅಗಲ ಮಾತ್ರ ಹೆಚ್ಚು. ವಿದ್ಯಾರ್ಥಿ ತಂಡಗಳಿಗೆ 520 ಧಾರಾಳವಾಗಿ ಸಾಕು.

ಬೈಕಿಗೂ ಕಾರಿಗೂ ಇರುವ ವ್ಯತ್ಯಾಸ

ಬೈಕಿನಲ್ಲಿ ಹಿಂದಿನ ಚಕ್ರ ಸ್ವಿಂಗ್‌ಆರ್ಮ್ ಜತೆ ಮೇಲೆ ಕೆಳಗೆ ಚಲಿಸುವುದರಿಂದ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಬದಲಾಗುತ್ತಲೇ ಇರುತ್ತದೆ. ಹೀಗಾಗಿ ಚೈನಿಗೆ ಕೊಂಚ ಹೆಚ್ಚೇ ಸಡಿಲ ಬಿಡಬೇಕಾಗುತ್ತದೆ. ರೇಸ್ ಕಾರಿನಲ್ಲಿ ಎಂಜಿನ್ನೂ ಡಿಫರೆನ್ಷಿಯಲ್ಲೂ ಒಂದೇ ಚೌಕಟ್ಟಿಗೆ ಬಿಗಿಯಲ್ಪಟ್ಟಿರುತ್ತವೆ. ಚಕ್ರಗಳ ಏರಿಳಿತವನ್ನು ಹಾಫ್ ಶಾಫ್ಟುಗಳು ನೋಡಿಕೊಳ್ಳುತ್ತವೆ. ಆದ್ದರಿಂದ ಬೈಕಿನ ಕೈಪಿಡಿಯಲ್ಲಿ ಕೊಟ್ಟಿರುವ ಸಡಿಲದ ಅಳತೆಯನ್ನು ಕಾರಿಗೆ ಯಥಾವತ್ತಾಗಿ ಅನ್ವಯಿಸುವುದು ತಪ್ಪು.

ಹಾಗೆಂದು ತಂತಿವಾದ್ಯದಂತೆ ಬಿಗಿಯುವುದೂ ಅಪಾಯಕಾರಿ. ಅತಿ ಬಿಗಿಯಾದ ಚೈನು ಗೇರ್‌ಬಾಕ್ಸಿನ ಹೊರಶಾಫ್ಟಿನ ಬೇರಿಂಗನ್ನು ತಿನ್ನುತ್ತದೆ, ಶಕ್ತಿಯನ್ನು ಪೋಲು ಮಾಡುತ್ತದೆ, ಬಿಸಿಯೇರಿ ತಾನೂ ಬೇಗ ಸವೆಯುತ್ತದೆ. ಅತಿ ಸಡಿಲವಾದರೆ ಚಾಲಕ ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಚಾಟಿಯಂತೆ ಹೊಡೆದು ಹಲ್ಲು ಹಾರುತ್ತದೆ. ಕಳಚಿದ ಚೈನು ಚಿಕ್ಕ ಸ್ಪ್ರಾಕೆಟಿನ ಬಳಿ ಮುದುಡಿಕೊಂಡು ಎಂಜಿನ್ನಿನ ಅಲ್ಯೂಮಿನಿಯಂ ಕವಚವನ್ನೇ ಒಡೆಯಬಲ್ಲದು. ಹಾಗಾದಾಗ ನಷ್ಟ ಚೈನಿನದಲ್ಲ, ಎಂಜಿನ್ನಿನದು.

ಸಮತಲದ ಚೈನಿಗೆ ಸಾಮಾನ್ಯ ಯಂತ್ರಗಳಲ್ಲಿ ಕೇಂದ್ರಾಂತರದ ಶೇ 4ರಷ್ಟು ಸಡಿಲ ಬಿಡುವುದು ರೂಢಿ. ಆಘಾತ, ಪದೇ ಪದೇ ನಿಲುಗಡೆ, ಹಿಮ್ಮುಖ ಭಾರ ಇರುವೆಡೆ ಇದನ್ನು ಶೇ 2ಕ್ಕೆ ಇಳಿಸಲಾಗುತ್ತದೆ. ರೇಸ್ ಕಾರು ಎರಡನೆಯ ವರ್ಗಕ್ಕೆ ಸೇರುತ್ತದೆ. ಕೇಂದ್ರಾಂತರ 225 ಮಿ.ಮೀ. ಇದ್ದರೆ ನಡುಭಾಗದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಒಟ್ಟು 4.5 ಮಿ.ಮೀ.ನಷ್ಟು ಆಟ ಸಿಗಬೇಕು. ಒಂದೆರಡು ಮಿ.ಮೀ. ಹೆಚ್ಚಾದರೆ ಚಿಂತೆಯಿಲ್ಲ, ಕಡಿಮೆಯಾಗಬಾರದು.

ಮೊದಲು ಲೆಕ್ಕ, ಆಮೇಲೆ ಆಯ್ಕೆ

ಟೆನ್ಷನರ್ ಆರಿಸುವ ಮುನ್ನ ಚೈನಿನ ಮೇಲೆ ಬೀಳುವ ಎಳೆತ ಎಷ್ಟೆಂದು ತಿಳಿದಿರಬೇಕು. ಉದಾಹರಣೆಗೆ 35 ನ್ಯೂಟನ್ ಮೀಟರ್ ಟಾರ್ಕ್ ಕೊಡುವ ಒಂಟಿ ಸಿಲಿಂಡರಿನ ಎಂಜಿನ್, ಮೊದಲ ಗೇರಿನಲ್ಲಿ ಒಳಗಿನ ಒಟ್ಟು ಇಳಿಕೆ 7 ಪಟ್ಟು, ಮುಂದೆ 15 ಹಲ್ಲು, ಹಿಂದೆ 45 ಹಲ್ಲಿನ ಸ್ಪ್ರಾಕೆಟ್ ಎಂದಿಟ್ಟುಕೊಳ್ಳೋಣ.

ಹೊರಶಾಫ್ಟಿನಲ್ಲಿ ಸಿಗುವ ಟಾರ್ಕ್ 245 ನ್ಯೂಟನ್ ಮೀಟರ್. 15 ಹಲ್ಲಿನ 520 ಸ್ಪ್ರಾಕೆಟಿನ ಪಿಚ್ ತ್ರಿಜ್ಯ 38.2 ಮಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಚೈನಿನ ಎಳೆತ ಸುಮಾರು 6,400 ನ್ಯೂಟನ್, ಅಂದರೆ 650 ಕೆ.ಜಿ. ಭಾರಕ್ಕೆ ಸಮ.

ಆದರೆ ಟಯರುಗಳು ಅಷ್ಟನ್ನು ನೆಲಕ್ಕೆ ತಲುಪಿಸಬಲ್ಲವೇ? ಚಾಲಕನೂ ಸೇರಿ 280 ಕೆ.ಜಿ. ತೂಗುವ ಕಾರಿನಲ್ಲಿ ವೇಗವರ್ಧನೆಯ ವೇಳೆ ಹಿಂದಿನ ಟಯರುಗಳ ಮೇಲೆ 165 ಕೆ.ಜಿ. ಭಾರ, ಹಿಡಿತದ ಗುಣಾಂಕ 1.4, ಚಕ್ರದ ತ್ರಿಜ್ಯ 230 ಮಿ.ಮೀ. ಎಂದು ಹಿಡಿದರೆ ಚಕ್ರಗಳು ತಾಳಬಲ್ಲ ಟಾರ್ಕ್ ಸುಮಾರು 520 ನ್ಯೂಟನ್ ಮೀಟರ್. 45 ಹಲ್ಲಿನ ಸ್ಪ್ರಾಕೆಟಿನ ತ್ರಿಜ್ಯ 113.8 ಮಿ.ಮೀ. ಆಗಿರುವುದರಿಂದ ಚೈನಿನ ಎಳೆತ 4,600 ನ್ಯೂಟನ್ ದಾಟುವ ಮುನ್ನವೇ ಟಯರುಗಳು ಜಾರತೊಡಗುತ್ತವೆ. ಸ್ಥಿರ ಲೆಕ್ಕಕ್ಕೆ ಈ ಎರಡರಲ್ಲಿ ಚಿಕ್ಕದನ್ನು ಹಿಡಿಯಬೇಕು. ಕ್ಲಚ್ ಥಟ್ಟನೆ ಬಿಟ್ಟಾಗ ಬೀಳುವ ಹೊಡೆತ ಇದಕ್ಕಿಂತ ಅಧಿಕವಾದ್ದರಿಂದ ಕನಿಷ್ಠ 2 ಪಟ್ಟು ಸುರಕ್ಷಾ ಅಂಶ ಸೇರಿಸುವುದು ವಿವೇಕ.

ಉತ್ತಮ 520 ಚೈನುಗಳು 30,000 ನ್ಯೂಟನ್‌ಗೂ ಮಿಗಿಲಾದ ಎಳೆತ ತಾಳಬಲ್ಲವು. ಅಂದರೆ ಚೈನು ಶುದ್ಧ ಎಳೆತದಿಂದ ತುಂಡಾಗುವುದು ವಿರಳ. ಸ್ಪ್ರಾಕೆಟುಗಳು ಒಂದೇ ನೇರದಲ್ಲಿ ಇಲ್ಲದಿರುವುದು, ಸಡಿಲ, ಸವೆತ ಮತ್ತು ಟೆನ್ಷನರ್ ಜಾರುವುದು ಇವೇ ನಿಜವಾದ ಶತ್ರುಗಳು.

ಎಷ್ಟು ದೂರ ಸರಿಸಬೇಕು?

ಮೇಲಿನ ಉದಾಹರಣೆಯಲ್ಲಿ 60 ಕೊಂಡಿಗಳ ಚೈನು ಬಳಸಿದರೆ ಕೇಂದ್ರಾಂತರ ಸುಮಾರು 225 ಮಿ.ಮೀ. ಆಗುತ್ತದೆ. ಚೈನಿನ ಉದ್ದ 952.5 ಮಿ.ಮೀ. ಪಿನ್ನು, ಬುಷ್‌ಗಳು ಸವೆದು ಚೈನು ಶೇ 1ರಷ್ಟು ಉದ್ದವಾದರೆ ಹೆಚ್ಚುವ ಅಳತೆ 9.5 ಮಿ.ಮೀ. ಇದು ಮೇಲಿನ ಮತ್ತು ಕೆಳಗಿನ ಎಳೆಗಳಲ್ಲಿ ಹಂಚಿಹೋಗುವುದರಿಂದ ಡಿಫರೆನ್ಷಿಯಲನ್ನು ಸುಮಾರು 5 ಮಿ.ಮೀ. ಹಿಂದಕ್ಕೆ ಸರಿಸಬೇಕಾಗುತ್ತದೆ. ಸವೆತಕ್ಕೆ ಮಾತ್ರ ಇಷ್ಟು ಸಾಕು.

ಸ್ಪ್ರಾಕೆಟ್ ಬದಲಿಸುವ ಇರಾದೆ ಇದ್ದರೆ ಲೆಕ್ಕ ಬೇರೆ. ಸಾಮಾನ್ಯ ಚೈನನ್ನು ಎರಡೆರಡು ಕೊಂಡಿಗಳಂತೆ ಮಾತ್ರ ಕತ್ತರಿಸಬಹುದು. ಎರಡು ಕೊಂಡಿ ಎಂದರೆ 31.75 ಮಿ.ಮೀ. ಅದರ ಅರ್ಧ ಸುಮಾರು 16 ಮಿ.ಮೀ. ಆದ್ದರಿಂದ ಟೆನ್ಷನರ್ 16 ಮಿ.ಮೀ.ಗಿಂತ ತುಸು ಹೆಚ್ಚು ಸರಿಯಬಲ್ಲದಾದರೆ ಯಾವ ಸ್ಪ್ರಾಕೆಟ್ ಜೋಡಿ ಹಾಕಿದರೂ ಹೊಂದುವ ಚೈನಿನ ಉದ್ದ ಸಿಕ್ಕೇ ಸಿಗುತ್ತದೆ. ಸರಿಸುವ ಅವಕಾಶ ಇದಕ್ಕಿಂತ ಕಡಿಮೆಯಿದ್ದರೆ ಕೆಲವು ಜೋಡಿಗಳು ಹೊಂದದೇ ಹೋಗಬಹುದು. ಟೆನ್ಷನರ್ ವಿನ್ಯಾಸದಲ್ಲಿ ನೆನಪಿಡಬೇಕಾದ ಮೊದಲ ಸಂಖ್ಯೆ ಇದು.

ನಾಲ್ಕು ಬಗೆಯ ಟೆನ್ಷನರ್‌ಗಳು

ಚೈನನ್ನು ಬಿಗಿಯಲು ಇರುವುದು ಎರಡೇ ಮಾರ್ಗ. ಒಂದು, ಸ್ಪ್ರಾಕೆಟ್‌ಗಳ ಅಂತರವನ್ನೇ ಹೆಚ್ಚಿಸುವುದು. ಇನ್ನೊಂದು, ಅಂತರವನ್ನು ಹಾಗೆಯೇ ಬಿಟ್ಟು ಸಡಿಲವಾದ ಎಳೆಯನ್ನು ಒತ್ತಿ ಹಿಡಿಯುವುದು. ಎಂಜಿನ್ ಭಾರವಾದದ್ದು, ಅನೇಕ ಕಾರುಗಳಲ್ಲಿ ಚೌಕಟ್ಟಿನ ಭಾಗವೇ ಆಗಿರುತ್ತದೆ. ಹಾಗಾಗಿ ಸರಿಸುವುದು ಡಿಫರೆನ್ಷಿಯಲನ್ನೇ.

1. ಎಕ್ಸೆಂಟ್ರಿಕ್ ಹೋಲ್ಡರ್: ಡಿಫರೆನ್ಷಿಯಲ್‌ನ ಎರಡೂ ಬದಿಯ ಬೇರಿಂಗುಗಳನ್ನು ದುಂಡನೆಯ ಹೋಲ್ಡರಿನಲ್ಲಿ ಕೇಂದ್ರ ತಪ್ಪಿಸಿ ಕೂರಿಸಲಾಗುತ್ತದೆ. ಹೋಲ್ಡರ್ ತಿರುಗಿಸಿದಂತೆ ಡಿಫರೆನ್ಷಿಯಲ್ ಹಿಂದೆ ಮುಂದೆ ಸರಿಯುತ್ತದೆ. ಕೇಂದ್ರ 8 ಮಿ.ಮೀ. ತಪ್ಪಿದ್ದರೆ ಅರ್ಧ ಸುತ್ತಿಗೆ 16 ಮಿ.ಮೀ. ಚಲನೆ ಲಭ್ಯ. ನೋಡಲು ಅಚ್ಚುಕಟ್ಟು, ದೃಢ, ಹಗುರ. ಜರ್ಮನಿಯ ಡ್ರೆಕ್ಸ್ಲರ್‌ನಂತಹ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಳಸುವ ತಂಡಗಳಲ್ಲಿ ಇದು ಜನಪ್ರಿಯ.

ಆದರೆ ಇಲ್ಲಿ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ತಿರುಗಿಸಿದಾಗ ಡಿಫರೆನ್ಷಿಯಲ್ ಹಿಂದೆ ಮುಂದೆ ಮಾತ್ರವಲ್ಲ, ಮೇಲೆ ಕೆಳಗೂ ಸರಿಯುತ್ತದೆ. ಹಾಫ್ ಶಾಫ್ಟುಗಳ ಕೋನ ಬದಲಾಗುತ್ತದೆ. ಎರಡನೆಯದು, ಎಡ ಬಲ ಹೋಲ್ಡರುಗಳು ಸಮನಾಗಿ ತಿರುಗದಿದ್ದರೆ ಡಿಫರೆನ್ಷಿಯಲ್ ಓರೆಯಾಗುತ್ತದೆ. ಬೇರಿಂಗುಗಳ ನಡುವೆ 200 ಮಿ.ಮೀ. ಇದ್ದಾಗ 1 ಮಿ.ಮೀ. ವ್ಯತ್ಯಾಸ ಸ್ಪ್ರಾಕೆಟನ್ನು ಸುಮಾರು 0.3 ಡಿಗ್ರಿ ಓರೆ ಮಾಡುತ್ತದೆ. ಮೂರನೆಯದು, ಚೈನಿನ ಎಳೆತ ಹೋಲ್ಡರನ್ನು ಹಿಂದಕ್ಕೆ ತಿರುಗಿಸಲು ಸದಾ ಯತ್ನಿಸುತ್ತದೆ. ನಮ್ಮ ಉದಾಹರಣೆಯಲ್ಲಿ 4,600 ನ್ಯೂಟನ್ ಎಳೆತ 8 ಮಿ.ಮೀ. ತೋಳಿನಲ್ಲಿ 37 ನ್ಯೂಟನ್ ಮೀಟರಿನಷ್ಟು ತಿರುಚುತ್ತದೆ. ಆಘಾತದ ವೇಳೆ ಇದು ಇಮ್ಮಡಿ. ಎಣ್ಣೆ, ಗ್ರೀಸು ಸಿಡಿಯುವ ಜಾಗದಲ್ಲಿ ಬರೀ ಕ್ಲಾಂಪಿನ ಹಿಡಿತವನ್ನು ನಂಬಿ ಕೂರುವುದು ಸಲ್ಲದು. ಪಿನ್ನು ಅಥವಾ ಬೋಲ್ಟು ಅಡ್ಡ ಹಾಯಿಸಿ ಲಾಕ್ ಮಾಡಬೇಕು.

ಲಾಕ್ ರಂಧ್ರಗಳ ಲೆಕ್ಕದಲ್ಲೂ ಜಾಣ್ಮೆ ಬೇಕು. ಹೋಲ್ಡರಿನ ಸುತ್ತ 12 ರಂಧ್ರ ಕೊರೆದರೆ ಒಂದೊಂದು ಹೆಜ್ಜೆ 30 ಡಿಗ್ರಿ. ಅಷ್ಟರಲ್ಲಿ ಡಿಫರೆನ್ಷಿಯಲ್ 4 ಮಿ.ಮೀ. ಜಿಗಿಯುತ್ತದೆ. ಬಿಗಿತ ಒಂದೋ ಹೆಚ್ಚು, ಇಲ್ಲವೇ ಕಡಿಮೆ. ಬದಲಿಗೆ ಹೋಲ್ಡರಿನಲ್ಲಿ 10, ಆಧಾರ ಫಲಕದಲ್ಲಿ 9 ರಂಧ್ರಗಳನ್ನು ಸಮಾನ ಅಂತರದಲ್ಲಿ ಕೊರೆದರೆ ಪ್ರತಿ 4 ಡಿಗ್ರಿಗೆ ಒಂದು ಜೋಡಿ ರಂಧ್ರ ಎದುರುಬದುರಾಗುತ್ತದೆ. ಆಗ ಹೆಜ್ಜೆ ಸುಮಾರು ಅರ್ಧ ಮಿ.ಮೀ.ಗೆ ಇಳಿಯುತ್ತದೆ. ಹೆಚ್ಚುವರಿ ಖರ್ಚಿಲ್ಲದೆ ಸಿಗುವ ನಿಖರತೆ ಇದು.

2. ಟರ್ನ್‌ಬಕಲ್ ಅಥವಾ ಎಳೆಗೋಲು: ಡಿಫರೆನ್ಷಿಯಲ್‌ನ ಆಧಾರ ಫಲಕಗಳನ್ನು ಕೆಳಗೆ ಒಂದು ಬೋಲ್ಟಿನ ಸುತ್ತ ತೂಗುವಂತೆ ಕೂರಿಸಿ, ಮೇಲ್ಭಾಗವನ್ನು ಎಡ ಬಲ ಮರೆಗಳುಳ್ಳ ಕೋಲಿನಿಂದ ಎಂಜಿನ್ನಿಗೋ ಚೌಕಟ್ಟಿಗೋ ಜೋಡಿಸುವ ಕ್ರಮ ಇದು. ಕೋಲನ್ನು ತಿರುಗಿಸಿದರೆ ಉದ್ದ ಬದಲಾಗುತ್ತದೆ. 1.25 ಮಿ.ಮೀ. ಮರೆಯ ಎಂ8 ಬೋಲ್ಟಿನ ಅಳತೆಯಲ್ಲಿ ಒಂದು ಸುತ್ತಿಗೆ ಎರಡೂ ತುದಿ ಸೇರಿ 2.5 ಮಿ.ಮೀ. ಹೀಗಾಗಿ ಬಿಗಿತವನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಬಹುದು. ಒಂದು ಸ್ಪಾನರ್ ಸಾಕು, ಎರಡು ನಿಮಿಷದ ಕೆಲಸ.

ಕೋಲನ್ನು ನೇರವಾಗಿ ಎಂಜಿನ್ನಿಗೇ ಜೋಡಿಸಿದರೆ ಇನ್ನೊಂದು ಲಾಭವಿದೆ. ಚೈನು ಡಿಫರೆನ್ಷಿಯಲನ್ನು ಎಂಜಿನ್ ಕಡೆಗೆ ಎಳೆಯುತ್ತದೆ, ಕೋಲು ಅದನ್ನು ತಡೆದು ಹಿಡಿಯುತ್ತದೆ. ಬಲ ಚೌಕಟ್ಟಿನ ಕೊಳವೆಗಳನ್ನು ಸುತ್ತಿ ಬರುವ ಬದಲು ಹತ್ತಿರದ ದಾರಿಯಲ್ಲೇ ಮುಗಿದುಹೋಗುತ್ತದೆ. ಚೌಕಟ್ಟು ಬಾಗುವುದು ತಪ್ಪುತ್ತದೆ. ದೋಷವೆಂದರೆ, ರಾಡ್ ಎಂಡ್‌ಗಳು ಸವೆದಂತೆ ಆಟ ಹುಟ್ಟಿಕೊಳ್ಳುತ್ತದೆ. ಎಡ ಬಲ ಎರಡು ಕೋಲುಗಳಿದ್ದರೆ ಎರಡನ್ನೂ ಸಮನಾಗಿ ತಿರುಗಿಸುವ ಶಿಸ್ತು ಬೇಕು. ಲಾಕ್ ನಟ್ಟು ಮರೆತರೆ ಕಂಪನಕ್ಕೆ ಕೋಲು ತಾನಾಗಿಯೇ ತಿರುಗಿ ಸಡಿಲಗೊಳ್ಳುತ್ತದೆ.

3. ಸೀಳುರಂಧ್ರ ಮತ್ತು ಶಿಮ್: ಆಧಾರ ಫಲಕದ ಬೋಲ್ಟು ರಂಧ್ರಗಳನ್ನು ಉದ್ದುದ್ದ ಸೀಳಿ, ಹಿಂದಿನಿಂದ ತಳ್ಳುವ ಬೋಲ್ಟಿನ ಸಹಾಯದಿಂದ ಸರಿಸಿ ಬಿಗಿಯುವುದು ಅತ್ಯಂತ ಅಗ್ಗದ ಉಪಾಯ. ಬೈಕಿನ ಹಿಂಚಕ್ರದಲ್ಲಿ ಕಾಣುವ ವ್ಯವಸ್ಥೆಯೂ ಇದೇ. ಸೀಳಿನಲ್ಲಿ ಬೋಲ್ಟು ಜಾರದಂತೆ ತಡೆಯುವುದು ಘರ್ಷಣೆ ಮಾತ್ರವಾದ್ದರಿಂದ ತಳ್ಳುವ ಬೋಲ್ಟನ್ನು ಬಿಗಿದೇ ಇಡಬೇಕು. ಸೀಳಿನ ಬದಲು ದುಂಡು ರಂಧ್ರಗಳನ್ನೇ ಇರಿಸಿ, ಫಲಕದ ಹಿಂದೆ ತೆಳುವಾದ ಉಕ್ಕಿನ ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಹೋಗುವ ಕ್ರಮವೂ ಉಂಟು. ಅದು ಜಾರುವ ಮಾತೇ ಇಲ್ಲ. ಆದರೆ ಪ್ರತಿ ಬಾರಿಯೂ ಬೋಲ್ಟುಗಳನ್ನು ಪೂರ್ತಿ ಬಿಚ್ಚಬೇಕು. ಎಂಡ್ಯೂರನ್ಸ್ ಓಟಕ್ಕೆ ಅರ್ಧ ಗಂಟೆ ಉಳಿದಿರುವಾಗ ಅದು ತಲೆನೋವು.

4. ಐಡ್ಲರ್: ಡಿಫರೆನ್ಷಿಯಲನ್ನು ಅಲುಗಿಸದೆ ಸಡಿಲ ಎಳೆಯ ಮೇಲೆ ಚಿಕ್ಕ ಸ್ಪ್ರಾಕೆಟ್, ರೋಲರ್ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ಒತ್ತಿ ಹಿಡಿಯುವ ಕ್ರಮ. ಡಿಫರೆನ್ಷಿಯಲ್ ಆಧಾರವನ್ನು ಚೌಕಟ್ಟಿಗೆ ಶಾಶ್ವತವಾಗಿ ಬಿಗಿಯಬಹುದಾದ್ದರಿಂದ ಅದು ಹಗುರವೂ ದೃಢವೂ ಆಗುತ್ತದೆ. ಹಾಫ್ ಶಾಫ್ಟಿನ ಕೋನ ಎಂದೂ ಬದಲಾಗದು. ಐಡ್ಲರನ್ನು ಹೊರಗಿನಿಂದ ಒಳಕ್ಕೆ ಒತ್ತಿದರೆ ಚಿಕ್ಕ ಸ್ಪ್ರಾಕೆಟನ್ನು ಚೈನು ಅಪ್ಪುವ ಕೋನವೂ ಹೆಚ್ಚುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಕೋನ ಸುಮಾರು 140 ಡಿಗ್ರಿ. ಕನಿಷ್ಠ 120 ಡಿಗ್ರಿ ಇರಬೇಕೆಂಬುದು ಸಾಮಾನ್ಯ ನಿಯಮ. ಎಂಜಿನ್ನಿಗೆ ತೀರಾ ಸಮೀಪ ಡಿಫರೆನ್ಷಿಯಲ್ ಇಟ್ಟ ಕಾರುಗಳಿಗೆ ಐಡ್ಲರ್ ವರದಾನವೇ ಸರಿ.

ಮೇಲಿನ ಎಳೆಯೋ, ಕೆಳಗಿನ ಎಳೆಯೋ?

ಐಡ್ಲರ್ ಆರಿಸುವವರು ತಪ್ಪುವುದು ಇಲ್ಲಿಯೇ. ಎಂಜಿನ್ ಮುಂದೆ, ಡಿಫರೆನ್ಷಿಯಲ್ ಹಿಂದೆ ಇರುವ ಕಾರು ಮುನ್ನುಗ್ಗುವಾಗ ಚೈನಿನ ಮೇಲಿನ ಎಳೆ ಬಿಗಿಯಾಗಿರುತ್ತದೆ, ಕೆಳಗಿನದು ಸಡಿಲ. ಐಡ್ಲರ್ ಕೆಳಗಿನ ಎಳೆಯ ಮೇಲಿರಬೇಕು. ತಪ್ಪಿ ಮೇಲಿನ ಎಳೆಯನ್ನು 10 ಡಿಗ್ರಿಯಷ್ಟು ಬಾಗಿಸಿ ಹಿಡಿದರೆ ಅದರ ಮೇಲೆ ಸುಮಾರು 1,600 ನ್ಯೂಟನ್, ಅಂದರೆ 160 ಕೆ.ಜಿ.ಗೂ ಹೆಚ್ಚಿನ ಒತ್ತಡ ಬೀಳುತ್ತದೆ. ಸಣ್ಣ ಬ್ರಾಕೆಟ್ ಅದನ್ನು ತಾಳಲಾರದು.

ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸಿದಾಗ ಪರಿಸ್ಥಿತಿ ತಲೆಕೆಳಗಾಗುತ್ತದೆ. ಚಕ್ರಗಳೇ ಎಂಜಿನ್ನನ್ನು ಎಳೆಯತೊಡಗಿ ಕೆಳಗಿನ ಎಳೆ ಬಿಗಿಯಾಗುತ್ತದೆ. ಸ್ಪ್ರಿಂಗ್ ಅಳವಡಿಸಿದ ಐಡ್ಲರ್ ಆ ಕ್ಷಣ ಹಿಂದಕ್ಕೆ ತಳ್ಳಲ್ಪಟ್ಟು, ಮೇಲಿನ ಎಳೆಯಲ್ಲಿ ಸಡಿಲ ಜಮೆಯಾಗುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಆ ಸಡಿಲವೆಲ್ಲ ಒಂದೇ ಏಟಿಗೆ ಬಿಗಿಯಾಗಿ ಬಡಿಯುತ್ತದೆ. ತಿರುವುಗಳೇ ತುಂಬಿದ ಹಾದಿಯಲ್ಲಿ ಇದು ಪ್ರತಿ ಸುತ್ತಿನಲ್ಲಿ ಹತ್ತಾರು ಬಾರಿ ನಡೆಯುವ ಕ್ರಿಯೆ. ಆದ್ದರಿಂದ ಐಡ್ಲರ್ ಬಳಸುವುದಾದರೆ ಸ್ಪ್ರಿಂಗಿಗಿಂತ ಬೋಲ್ಟಿನಿಂದ ಒಂದೆಡೆ ಭದ್ರವಾಗಿ ನಿಲ್ಲಿಸುವ ಬಗೆಯೇ ಲೇಸು. ಸ್ಪ್ರಿಂಗ್ ಬೇಕೇ ಬೇಕೆಂದರೆ ಅದು ಹಿಂದೆ ಸರಿಯುವ ದೂರಕ್ಕೆ ಗಟ್ಟಿಯಾದ ತಡೆ ಇರಬೇಕು.

ವಿದ್ಯುತ್ ಕಾರುಗಳಲ್ಲಿ ಸಮಸ್ಯೆ ಇನ್ನೂ ಗಂಭೀರ. ಬ್ರೇಕ್ ವೇಳೆ ಮೋಟಾರನ್ನೇ ಜನರೇಟರ್ ಮಾಡಿ ಬ್ಯಾಟರಿಗೆ ಶಕ್ತಿ ಹಿಂದಿರುಗಿಸುವ ವ್ಯವಸ್ಥೆ ಇದ್ದರೆ ಕೆಳಗಿನ ಎಳೆಯ ಮೇಲೂ ಭಾರೀ ಎಳೆತ ಬೀಳುತ್ತದೆ. ಅಂತಹ ಕಾರಿನಲ್ಲಿ ಸದಾ ಸಡಿಲವಾಗಿರುವ ಎಳೆ ಎಂಬುದೇ ಇಲ್ಲ. ಅಲ್ಲಿ ಐಡ್ಲರ್ ಬಿಟ್ಟು ಡಿಫರೆನ್ಷಿಯಲನ್ನೋ ಮೋಟಾರನ್ನೋ ಸರಿಸುವ ಕ್ರಮವೇ ಸರಿಯಾದದ್ದು.

ಯಾರಿಗೆ ಯಾವುದು?

ಮೊದಲ ಬಾರಿಗೆ ಕಾರು ಕಟ್ಟುತ್ತಿರುವ ತಂಡಕ್ಕೆ ಟರ್ನ್‌ಬಕಲ್ ಅಥವಾ ತಳ್ಳುವ ಬೋಲ್ಟಿನ ಸೀಳುರಂಧ್ರ ಸೂಕ್ತ. ವೆಲ್ಡಿಂಗ್ ಶಾಖಕ್ಕೆ ಚೌಕಟ್ಟು ಒಂದೆರಡು ಮಿ.ಮೀ. ಸೊಟ್ಟಗಾಗುವುದು ಸಾಮಾನ್ಯ. ಈ ಎರಡೂ ಬಗೆಗಳು ಅಂತಹ ತಪ್ಪನ್ನು ಕ್ಷಮಿಸುತ್ತವೆ. ಸಾಧಾರಣ ಲೇತು, ಡ್ರಿಲ್ಲಿಂಗ್ ಯಂತ್ರಗಳಲ್ಲೇ ತಯಾರಿಸಬಹುದು.

ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಸೌಲಭ್ಯ ಮತ್ತು ಒಂದೆರಡು ವರ್ಷಗಳ ಅನುಭವ ಇರುವ ತಂಡಗಳಿಗೆ ಎಕ್ಸೆಂಟ್ರಿಕ್ ಹೋಲ್ಡರ್ ತಕ್ಕುದು. ತೂಕ ಇಳಿಯುತ್ತದೆ, ವಿನ್ಯಾಸ ಪರೀಕ್ಷಕರ ಮುಂದೆ ವಿವರಿಸಲು ಲೆಕ್ಕಾಚಾರವೂ ಸಿಗುತ್ತದೆ. ಆದರೆ ಎರಡೂ ಬದಿಯ ರಂಧ್ರಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಹೋಲ್ಡರ್ ತಿರುಗುವುದೇ ಇಲ್ಲ ಎಂಬುದು ನೆನಪಿರಲಿ.

ಹಗುರವಾದ ಒಂಟಿ ಸಿಲಿಂಡರ್ ಕಾರು, ಒಂದೇ ಗೇರ್ ಅನುಪಾತ, ಅತಿ ಚಿಕ್ಕ ಕೇಂದ್ರಾಂತರ ಇದ್ದಲ್ಲಿ ಭದ್ರವಾಗಿ ನಿಲ್ಲುವ ಐಡ್ಲರ್ ಆಗಬಹುದು. ಪ್ಲಾಸ್ಟಿಕ್ಕಿನ ಜಾರುತುಂಡು ಅಗ್ಗವಾದರೂ ಸವೆಯುವ ವಸ್ತು. ಪ್ರತಿ ದಿನದ ಅಭ್ಯಾಸದ ಬಳಿಕ ಅದರ ದಪ್ಪ ಅಳೆಯಬೇಕು.

ಚಿಕ್ಕ ಸ್ಪ್ರಾಕೆಟಿನ ಹಲ್ಲುಗಳ ಸಂಖ್ಯೆಯೂ ಈ ಆಯ್ಕೆಯೊಂದಿಗೆ ತಳುಕು ಹಾಕಿಕೊಂಡಿದೆ. ಚೈನು ದುಂಡಗೆ ಅಲ್ಲ, ಬಹುಭುಜಾಕೃತಿಯಲ್ಲಿ ಸುತ್ತುವುದರಿಂದ ಅದರ ವೇಗ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. 11 ಹಲ್ಲಿನಲ್ಲಿ ಈ ಏರಿಳಿತ ಸುಮಾರು ಶೇ 4, 15 ಹಲ್ಲಿನಲ್ಲಿ ಶೇ 2ರ ಆಸುಪಾಸು. ಕಂಪನ ಹೆಚ್ಚಿದಷ್ಟೂ ಟೆನ್ಷನರಿನ ಬೋಲ್ಟುಗಳು ಬೇಗ ಸಡಿಲಗೊಳ್ಳುತ್ತವೆ. ಜಾಗ ಇದ್ದರೆ 13ಕ್ಕಿಂತ ಕಡಿಮೆ ಹಲ್ಲಿಗೆ ಇಳಿಯದಿರುವುದು ಒಳಿತು.

ಸುರಕ್ಷತೆ: ರಾಜಿ ಇಲ್ಲ

ವೇಗದಲ್ಲಿ ತುಂಡಾದ ಚೈನು ಗುಂಡಿನಂತೆ ಹಾರಬಲ್ಲದು. ಅದಕ್ಕೆ ತೀರಾ ಸಮೀಪ ಇರುವವನು ಚಾಲಕ. ಈ ಕಾರಣಕ್ಕೆ ಫಾರ್ಮುಲಾ ಎಸ್‌ಎಇ ನಿಯಮಗಳು ಚೈನಿನ ಮೇಲೆ ಕನಿಷ್ಠ 2.66 ಮಿ.ಮೀ. ದಪ್ಪದ ಉಕ್ಕಿನ ಕವಚವನ್ನು ಕಡ್ಡಾಯಗೊಳಿಸಿವೆ. ಕವಚದ ಅಗಲ ಚೈನಿನ ಅಗಲದ ಮೂರು ಪಟ್ಟು ಇರಬೇಕು, ಚೈನಿನ ಮಧ್ಯರೇಖೆಗೆ ಸರಿಯಾಗಿ ಕೂತಿರಬೇಕು. ಕಾರು ನಿಂತು ಎಂಜಿನ್ ಓಡುತ್ತಿರುವಾಗಲೂ ತಿರುಗುವ ಭಾಗಗಳಿಗೆ ಬೆರಳು ಸಿಲುಕದಂತೆ ಬೇರೆಯೇ ತಡೆ ಬೇಕು. 12 ಮಿ.ಮೀ. ವ್ಯಾಸದ ವಸ್ತು ಅದರೊಳಗೆ ತೂರಬಾರದು ಎಂಬುದು ಅದರ ಮಾನದಂಡ.

ಟೆನ್ಷನರ್ ವಿನ್ಯಾಸ ಮುಗಿಸಿ ಕೊನೆಗೆ ಕವಚದ ಬಗ್ಗೆ ಯೋಚಿಸುವ ತಂಡಗಳು ತೊಂದರೆಗೆ ಸಿಲುಕುತ್ತವೆ. ಡಿಫರೆನ್ಷಿಯಲ್ 16 ಮಿ.ಮೀ. ಸರಿದರೂ ದೊಡ್ಡ ಸ್ಪ್ರಾಕೆಟ್ ಕವಚಕ್ಕೆ ತಾಗಬಾರದು. ಕವಚ ಬಿಚ್ಚದೆಯೇ ಟೆನ್ಷನರಿಗೆ ಸ್ಪಾನರ್ ಎಟುಕಬೇಕು. ಇವೆರಡನ್ನೂ ಮೊದಲ ನಕ್ಷೆಯಲ್ಲೇ ನೋಡಿಕೊಳ್ಳುವುದು ಸೂಕ್ತ.

ಕಾರಿನ ಪ್ರಮುಖ ಬೋಲ್ಟುಗಳಿಗೆ ಅಂಟು ಅಥವಾ ಸ್ಪ್ರಿಂಗ್ ವಾಷರ್ ಸಾಲದು, ಯಾಂತ್ರಿಕವಾಗಿ ಲಾಕ್ ಆಗುವ ನಟ್ಟುಗಳೇ ಬೇಕೆಂದೂ, ನಟ್ಟಿನ ಹೊರಗೆ ಕನಿಷ್ಠ ಎರಡು ಪೂರ್ಣ ಮರೆಗಳು ಕಾಣಬೇಕೆಂದೂ ನಿಯಮ ಹೇಳುತ್ತದೆ. ಟೆನ್ಷನರಿನ ಪ್ರತಿ ಬೋಲ್ಟಿಗೂ ಇದೇ ಶಿಸ್ತನ್ನು ಅನ್ವಯಿಸಿದರೆ ನಷ್ಟವೇನಿಲ್ಲ.

ಬಿಗಿಯುವ ಕ್ರಮ

ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಚಕ್ರಗಳನ್ನು ಎತ್ತಿ ನಿಲ್ಲಿಸಿದ ಬಳಿಕವೇ ಚೈನಿಗೆ ಕೈ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಚೈನು ಒರೆಸಲು ಹೋಗುವುದು ಬೆರಳಿಗೆ ಎರವಾಗುವ ಕೆಲಸ.

ಮೊದಲು ಎರಡೂ ಸ್ಪ್ರಾಕೆಟ್‌ಗಳು ಒಂದೇ ಸಮತಲದಲ್ಲಿವೆಯೇ ಎಂದು ನೇರಪಟ್ಟಿ ಇಟ್ಟು ಪರೀಕ್ಷಿಸಬೇಕು. ನಂತರ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ನಾಲ್ಕಾರು ಕಡೆ ಸಡಿಲ ಅಳೆಯಬೇಕು. ಸ್ಪ್ರಾಕೆಟ್ ಸಂಪೂರ್ಣ ದುಂಡಗೆ ಕೂತಿರುವುದು ಅಪರೂಪ. ಹೀಗಾಗಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಕಾಣುವುದುಂಟು. ಅತ್ಯಂತ ಬಿಗಿಯಾದ ಸ್ಥಾನದಲ್ಲಿ ಸಡಿಲವನ್ನು ಹೊಂದಿಸುವುದು ಕ್ರಮ. ಸಡಿಲವಾದ ಜಾಗದಲ್ಲಿ ಹೊಂದಿಸಿದರೆ ಬಿಗಿಯಾದ ಜಾಗದಲ್ಲಿ ಬೇರಿಂಗ್ ಬಲಿಯಾಗುತ್ತದೆ.

ಭಾರ ಬಿದ್ದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಗೇರ್ ಹಾಕಿ, ಕಾರನ್ನು ಮುಂದಕ್ಕೆ ತಳ್ಳುವ ದಿಕ್ಕಿನಲ್ಲಿ ಚಿಕ್ಕ ಸ್ಪ್ರಾಕೆಟಿನ ಮೇಲೆ ಬಲ ಬೀಳುವಂತೆ ಮಾಡಿದಾಗ ಆಧಾರ ಫಲಕಗಳು ಬಾಗಿ ಕೆಳಗಿನ ಎಳೆ ಕಣ್ಣಿಗೆ ಕಾಣುವಷ್ಟು ಜೋತುಬಿದ್ದರೆ ದೋಷ ಟೆನ್ಷನರಿನದಲ್ಲ, ಆಧಾರದ ದೃಢತೆಯದು. ಚೈನನ್ನು ಇನ್ನಷ್ಟು ಬಿಗಿದು ಅದನ್ನು ಮುಚ್ಚಿಹಾಕುವುದು ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತೆ.

ಹೊಸ ಚೈನು ಮೊದಲ ಕೆಲವು ಗಂಟೆಗಳ ಓಟದಲ್ಲಿ ತುಸು ಉದ್ದವಾಗುವುದು ಸಹಜ. ಆದ್ದರಿಂದ ಸ್ಪರ್ಧೆಯ ಹಿಂದಿನ ರಾತ್ರಿ ಹೊಸ ಚೈನು ಹಾಕಿ ಕಣಕ್ಕಿಳಿಯುವುದು ಸರಿಯಲ್ಲ. ಅಭ್ಯಾಸದಲ್ಲಿ ಪಳಗಿದ ಚೈನನ್ನು ಬಳಸಿ, ಹೊಸದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಕ್ಲಿಪ್ ಇರುವ ಜೋಡಣೆ ಕೊಂಡಿ ಬಳಸಿದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು.

ಬಿಗಿತ ಹೊಂದಿಸಿದ ಮೇಲೆ ಪ್ರತಿ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಸೇರಿಸಿ ಒಂದು ಬಣ್ಣದ ಗೆರೆ ಎಳೆಯುವುದು ವಾಡಿಕೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಎಂಡ್ಯೂರನ್ಸ್ ಓಟಕ್ಕೆ ಸಾಲಿನಲ್ಲಿ ನಿಲ್ಲುವ ಮುನ್ನ ಒಮ್ಮೆ ಬಗ್ಗಿ ಆ ಗೆರೆಗಳನ್ನು ನೋಡಲು ಅರ್ಧ ನಿಮಿಷ ಸಾಕು. ವರ್ಷವಿಡೀ ದುಡಿದ ತಂಡ ಆ ಅರ್ಧ ನಿಮಿಷವನ್ನು ಉಳಿಸಲು ಹೋಗಬಾರದು.